ಎಂಟು ಎಣಿಕೆಯ ಖಾಲಿ ಜಾಗ

ನಗುವುದಾದರೆ ಬಾಯಿಬಿಟ್ಟು ನಗಿ ಮಾಸ್ಟ್ರೇ, ಹಾಗೆ ಮೀಸೆಯ ಅಡಿಯಲ್ಲಿ ನಗಬೇಡಿ! ಈ ಟೊಪ್ಪಿ ನೋಡಿ ಅಲ್ವಾ? ಇದು ಜರ್ಮನ್ ಟೊಪ್ಪಿ. ಅಂದರೆ, ಟೊಪ್ಪಿ ಮಣಿಪಾಲದ ಹೋಟೆಲಿನವರು ಕೊಟ್ಟದ್ದು, ಗರಿ ನಮ್ಮ ಮನೆಯ ಹುಂಜದ್ದು. ಅವರು ಕೊಟ್ಟ ಗರಿ ಪ್ಲಾಸ್ಟಿಕ್. ಈ ಜಿತೇಶನ ತಲೆಗೆ ಪ್ಲಾಸ್ಟಿಕ್ ಆಗುತ್ತದಾ? ಶನಿವಾರ ಮಧ್ಯಾಹ್ನ ಇಟ್ಟದ್ದು, ಇವತ್ತು ಸೋಮವಾರ, ಇನ್ನೂ ಇಳಿಸಲಿಲ್ಲ. ಬೆಳ್ಮಣ್ ಪೇಟೆಯಲ್ಲಿ ಬರುವಾಗ ಕಾರ್ಕಳ ಬಸ್ಸಿನ ಡ್ರೈವರ್ ಹಾರ್ನ್ ಹಾಕಿ ಕೈ ಬೀಸಿದ. ಬೀಸಲಿ! ನೋಡುವವರು ನೋಡಲಿ ಅಂತಲೇ ಇಟ್ಟದ್ದು.

ನಗಲಿಲ್ಲವಾ ನೀವು? ನಕ್ಕ ಹಾಗೆ ಕಂಡಿತು.

ಕೂತುಕೊಳ್ಳುತ್ತೇನೆ, ಹಾಂ? ನೀವು ಏಳಬೇಡಿ, ಏಳಬೇಡಿ... ಅಲ್ಲ, ಏಳುವುದಾದರೆ ಏಳಿ. ಆ ಟ್ರಂಕಿನ ಮೇಲೆ ಎಂತಕ್ಕೆ ಕೂತದ್ದು ಮಾಸ್ಟ್ರೇ? ಇಷ್ಟು ದೊಡ್ಡ ಜಗಲಿ, ಎರಡು ಕುರ್ಚಿ ಖಾಲಿ ಉಂಟು, ತಗಡಿನ ಟ್ರಂಕಿನ ಮೇಲೆ ಕೂತು ಟ್ರಂಪೆಟ್ ಉಜ್ಜುವುದಾ? ಸೊಂಟ ಹಿಡಿದೀತು. ಬನ್ನಿ, ಈ ಕುರ್ಚಿಗೆ ಬನ್ನಿ... ಬೇಡವಾ? ಆಯ್ತು. ನಿಮ್ಮ ಟ್ರಂಕು, ನಿಮ್ಮ ಸೊಂಟ.

ಬ್ಯಾಗು ಇರಲಿ, ಮಡಿಲಲ್ಲೇ ಇರಲಿ. ಕೆಳಗೆ ಇಡುವುದು ಬೇಡ, ಒಡೆಯುವ ಸಾಮಾನು ಉಂಟು. ತಡೆಯಿರಿ, ತೋರಿಸುತ್ತೇನೆ... ಇದು! ನಿಮಗೆ ಅಂತಲೇ ತಂದದ್ದು. ಹೇಗುಂಟು ಗ್ಲಾಸು? ಒಂದು ಲೀಟರ್ ಹಿಡಿಯುತ್ತದೆ. ಖಾಲಿ ಗ್ಲಾಸೇ ಒಂದು ಕಿಲೋ ಮೇಲೆ ತೂಗುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುವ ಹುಡುಗಿಯರು ತುಂಬಿದ್ದನ್ನು ಒಂದೊಂದು ಕೈಯಲ್ಲಿ ಮೂರು ಮೂರು ಹಿಡಿದುಕೊಂಡು ಓಡುತ್ತಿದ್ದರು. ನಾನು ನಾಲ್ಕು ಹಿಡಿದು ತೋರಿಸಿದೆ. ಐದೂ ಹಿಡಿಯುತ್ತಿದ್ದೆ, ಮ್ಯಾನೇಜರ್ ಬಂದು ಬೇಡ ಅಂದ. ತೆಗೆದುಕೊಳ್ಳಿ... ಕೈಯಲ್ಲಿ ಪಾಲಿಶ್ ಉಂಟಾ? ಸರಿ, ಇಲ್ಲಿ ಮೆಟ್ಟಿಲಿನ ಮೇಲೆ ಇಡುತ್ತೇನೆ.

ಬ್ಯಾಗಿನಲ್ಲಿ ಮತ್ತೆ ಎಂತ ಇಲ್ಲ. ಒಂದು ಟವೆಲು, ಒಂದು ರೈನ್‌ಕೋಟು. ಅಷ್ಟೆ.

ಸರಿ, ವಿಷಯಕ್ಕೆ ಬರುವ. ನಿನ್ನೆ ಸಂಜೆ ಆಲ್ವಿನ್ ಫೋನ್ ಮಾಡಿದ. ನಿಮ್ಮ ತಂಗಿಯ ಮಗ ಅಂತ ನಾನು ಅವನಿಗೆ ಮರ್ಯಾದೆ ಕೊಡುವುದು, ಇಲ್ಲದಿದ್ದರೆ ಅವನು ಬಾರಿಸುವ ಸೈಡ್ ಡ್ರಮ್ಮಿಗೆ... ಬಿಡಿ. "ಮಾಮನ ಪುಸ್ತಕ ಟ್ರಂಕಿನಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ನೀನು ಬರಬೇಕಂತೆ" ಅಂದ. ಅವನ ಸ್ವರವೇ ಸರಿ ಇರಲಿಲ್ಲ ಮಾಸ್ಟ್ರೇ, ಸ್ಟೇಷನ್ನಿನಿಂದ ಪೊಲೀಸರು ಕರೆದ ಹಾಗೆ ಇತ್ತು. ಬ್ಯಾಂಡಿನವರನ್ನು ಎಲ್ಲ ಕರೆದಿದ್ದಾರಾ ಅಂತ ಕೇಳಿದೆ. ಇಲ್ಲ, ನಿನ್ನನ್ನು ಮಾತ್ರ ಅಂದ. ಎಂಟು ಜನರಲ್ಲಿ ನನ್ನನ್ನು ಮಾತ್ರ ಯಾಕೆ? ತುಂಬ ಯೋಚನೆ ಮಾಡಿದೆ. ಆಮೇಲೆ ಹೊಳೆಯಿತು. ನಂಬಿಕೆ! ಕಳ್ಳನನ್ನು ಹಿಡಿಯಲಿಕ್ಕೆ ನಂಬಿಕೆಯ ಒಬ್ಬ ಮನುಷ್ಯ ಬೇಕಲ್ವಾ? ಅದಕ್ಕೆ ಕರೆದದ್ದು. ಹೌದು ತಾನೇ?

ಹೌದು ಅಂತ ಇಟ್ಟುಕೊಳ್ಳುವ.

ಪುಸ್ತಕ ಅಂದರೆ ಸಣ್ಣ ವಿಷಯವಾ? ಮೂವತ್ತು ವರ್ಷ ನೀವು ಕೈಯಲ್ಲಿ ಬರೆದ ಟ್ಯೂನುಗಳು! ಈ ಬ್ಯಾಂಡಿನ ಜೀವ ಇರುವುದೇ ಅದರಲ್ಲಿ. ಹೆದರಬೇಡಿ, ಹುಡುಕಿಕೊಡುತ್ತೇನೆ. ನೀವೊಂದು ಕೆಲಸ ಮಾಡಿ. ಒಳಗೆ ಹೋಗಿ ನನಗೊಂದು ಲೋಟ ನೀರು ತನ್ನಿ. ಅಷ್ಟರಲ್ಲಿ ನಾನು ಈ ಟ್ರಂಕನ್ನು ಬುಡದವರೆಗೆ ಒಮ್ಮೆ ನೋಡುತ್ತೇನೆ. ಕೆಲವು ಸಲ ಎದುರಿಗೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಕನ್ನಡಕವೂ ಹಳೆಯದಾಯಿತು. ನನ್ನ ಕಣ್ಣು ಹಾಗಲ್ಲ, ಉಡುಪಿ ಬಸ್ಸಿನ ಬೋರ್ಡು ಅರ್ಧ ಮೈಲಿಯಿಂದ ಓದುತ್ತೇನೆ. ಹೋಗಿ, ನೀರು... ಬೆಲ್ಲ ಬೇಡ, ಬರೀ ನೀರು ಸಾಕು.

ಬಾಯಾರುತ್ತದೆ ಮಾಸ್ಟ್ರೇ.

ಆಯ್ತು, ಆಯ್ತು. ಆಮೇಲೆ ಕುಡಿಯುತ್ತೇನೆ.

ಶನಿವಾರ ನೀವು ಬರಬೇಕಿತ್ತು! ಕಾಲು ನೋವು ಅಂದಿರಿ. ಕಾಲು ನೋವಾ, ಬಿಯರ್ ಹಬ್ಬಕ್ಕೆ ಹೋಗುವುದು ಬೇಡ ಅಂತವಾ, ನನಗೆ ಆಗಲೇ ಸಂಶಯ ಇತ್ತು. ಆದರೆ "ಈ ಒಂದು ದಿನ ನೀನು ನಡೆಸು" ಅಂತ ಬ್ಯಾಂಡನ್ನು ನನ್ನ ಕೈಗೆ ಕೊಟ್ಟಿರಲ್ಲ, ನಾನು ಎಂತ ಮಾತಾಡಲಿಲ್ಲ. ನಡೆಸಿದೆ. ಹೇಗೆ ನಡೆಸಿದೆ ಅಂತ ಒಮ್ಮೆ ಕೇಳಿ! ಕೇಳುವುದಿಲ್ಲವಾ? ನಾನೇ ಹೇಳುತ್ತೇನೆ.

ಹೋಟೆಲಿನ ಹಿಂದೆ ಹುಲ್ಲಿನ ಮೈದಾನ. ಅದರಲ್ಲಿ ನೀಲಿ ಬಿಳಿ ಬಣ್ಣದ ದೊಡ್ಡ ಡೇರೆ, ಒಳಗೆ ನಮ್ಮ ಮದುವೆ ಊಟದ ಪಂಕ್ತಿಯ ಹಾಗೆ ಉದ್ದುದ್ದ ಬೆಂಚು, ಮೇಜು. ನಾಲ್ಕು ನೂರು ಜನ! ಕಾಲೇಜಿನ ಮಕ್ಕಳು, ಡಾಕ್ಟರುಗಳು, ಕಾಪು ಬೀಚಿನಿಂದ ನೇರ ಬಂದ ಟೂರಿಸ್ಟುಗಳು, ಕಾಲಲ್ಲಿ ಇನ್ನೂ ಮರಳು. ಒಂದು ಕಡೆ ಗಂಟು ಹಾಕಿದ ಬ್ರೆಡ್ಡು, ದೋಣಿಯ ಹಗ್ಗಕ್ಕೆ ಗಂಟು ಹಾಕಿದ ಹಾಗೆ, ಮೇಲೆ ಉಪ್ಪಿನ ಹರಳು. ಇನ್ನೊಂದು ಕಡೆ ಜರ್ಮನ್ ಸಾಸೇಜು. ಅದರ ಪಕ್ಕದಲ್ಲಿ ಶಿರ್ವದ ಒಬ್ಬರು ಬಾಯಮ್ಮ ಅಕ್ಕಿಯ ಸಣ್ಣಾಸು ಕಡುಬು, ಹಂದಿ ಪದಾರ್ಥ ಮಾಡಿಸಿ ಇಟ್ಟಿದ್ದರು. ಯಾವುದು ಮೊದಲು ಖಾಲಿಯಾಯಿತು ಹೇಳಿ ನೋಡುವ? ನಾಲ್ಕು ಗಂಟೆಗೆ ಬಾಯಮ್ಮ ಪಾತ್ರೆ ತೊಳೆದು ರಿಕ್ಷಾಕ್ಕೆ ಹಾಕಿ ಆಯಿತು!

ಮ್ಯಾನೇಜರ್ ಹೇಳಿದ, ಈ ಹಬ್ಬ ಈಗ ಲೋಕದಲ್ಲೆಲ್ಲ ಉಂಟಂತೆ. ಮೂಲದ್ದು ಜರ್ಮನಿಯ ಮ್ಯೂನಿಕ್‌ನಲ್ಲಿ. ಹೆಸರು ಅಕ್ಟೋಬರಿನದ್ದು, ಶುರುವಾಗುವುದು ಸೆಪ್ಟೆಂಬರಿನಲ್ಲಿ, ಅದೊಂದು ವಿಚಿತ್ರ. ಬ್ರೆಜಿಲ್‌ನಲ್ಲಿ ಉಂಟು, ಕೆನಡಾದಲ್ಲಿ ಉಂಟು, ಚೀನಾದಲ್ಲಿ ಉಂಟು, ಆಫ್ರಿಕಾದ ನಮೀಬಿಯಾದಲ್ಲಿ ಕೂಡ ಉಂಟಂತೆ. ಎಲ್ಲಿ ಹೋದರೂ ಅದೇ ಟೊಪ್ಪಿ, ಅದೇ ಗ್ಲಾಸು, ಅದೇ ಚರ್ಮದ ಚಡ್ಡಿ. ನಾನು ಕೇಳಿದೆ, ಬ್ಯಾಂಡು? ಬ್ಯಾಂಡು ಹೆಚ್ಚಾಗಿ ಆಯಾ ಊರಿನದ್ದೇ ಅಂದ. ಹಾಗಾದರೆ ಬೆಳ್ಮಣ್ಣಿನ ಬ್ಯಾಂಡು ಇರುವ ಹಬ್ಬ ಇಡೀ ಲೋಕದಲ್ಲಿ ಇದೊಂದೇ ಅಂದೆ ನಾನು.

ಚಡ್ಡಿಯ ಸುದ್ದಿ ಕೇಳಬೇಡಿ. ಚರ್ಮ ಎಲ್ಲಿಂದ ತರುವುದು? ಕಾರ್ಕಳದ ಟೈಲರ್ ಸೋಫಾಕ್ಕೆ ಹಾಕುವ ರೆಕ್ಸಿನಿನಲ್ಲಿ ಎಂಟು ಚಡ್ಡಿ ಹೊಲಿದುಕೊಟ್ಟ. ಬಿಸಿಲಿಗೆ ಬೆವರಿ ಬೆಂಚಿಗೆ ಅಂಟಿ... ನೆವಿಲ್ ಎದ್ದಾಗ ಟರ್ರ್ ಅಂತ ಶಬ್ದ ಬಂತು. ಅವನ ಕ್ಲಾರಿನೆಟ್ಟಿಗಿಂತ ಶ್ರುತಿ ಸರಿ ಇತ್ತು!

ಇದಕ್ಕೂ ನಗುವುದಿಲ್ಲವಾ? ಮೊದಲೆಲ್ಲ ನೆವಿಲ್ ಸುದ್ದಿ ಹೇಳಿದರೆ ನಗುತ್ತಿದ್ದಿರಿ. ಯಾರೋ ನಿಮ್ಮ ಕಿವಿ ಊದಿದ್ದಾರೆ. ನನಗೆ ಗೊತ್ತಾಗುತ್ತದೆ.

ಜೆನಿಟಾ ನಿನ್ನೆ ಬಂದಿದ್ದಳಾ? ಚರ್ಚಿನ ಪೂಜೆಗೆ ಬಂದು ಹಾಗೆಯೇ ಹೋದಳಾ? ಎಂತ ಹೇಳಿದಳು? ಸುಮ್ಮನೆ ಕೇಳಿದ್ದು. ನಿಮ್ಮ ಮಗಳು, ಬಂದೇ ಬರುತ್ತಾಳೆ, ನನಗೆಂತ.

ಟ್ಯೂನ್ ವಿಷಯ ಹೇಳುತ್ತೇನೆ. ಮ್ಯಾನೇಜರ್ ಮೂರು ಜರ್ಮನ್ ಟ್ಯೂನ್ ಮೊಬೈಲಿಗೆ ಕಳಿಸಿದ್ದ. ಕೇಳಿ ಕೇಳಿ ನೋಟ್ಸ್ ಬರೆದದ್ದು ನಾನು. ನಮ್ಮ ಬ್ಯಾಂಡಿನಲ್ಲಿ ನೋಟ್ಸ್ ಬರೆಯಲು ಓದಲು ಬರುವುದು ಯಾರಿಗೆ? ನಿಮಗೆ, ಮತ್ತೆ ನನಗೆ. ಬಾಕಿಯವರೆಲ್ಲ ಕಿವಿಯಲ್ಲಿ ಹಿಡಿಯುವವರು, ಪಾಪ. ನೀವು ಕಲಿಸಿದ್ದು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆರು ತಿಂಗಳಿನಲ್ಲಿ ಕಲಿತೆನಲ್ಲ, ಅದು ನನ್ನದು. ಮೂರು ಗಂಟೆಗೆ ಶುರು ಮಾಡಿದೆವು. ಮೂರೇ ಟ್ಯೂನು ಸುತ್ತಿ ಸುತ್ತಿ ಎಷ್ಟು ಸಲ? ನಾಲ್ಕೂವರೆಗೆ ಒಬ್ಬ ಹುಡುಗ ಬೆಂಚಿನ ಮೇಲೆ ನಿಂತು, "ಪುನಃ ಇದೇನಾ?" ಅಂತ ಬೊಬ್ಬೆ ಹೊಡೆದ. ನನ್ನ ಮುಖಕ್ಕೆ! ನಾಲ್ಕು ನೂರು ಜನರ ಎದುರು!

ಆಗ ನಾಲ್ಕನೆಯದು ನುಡಿಸಿದೆ.

ಅದಾ? ಅದು ನೆವಿಲ್ ಕೊಟ್ಟದ್ದು. ಒಂದು ಕಾಗದ. ನನ್ನ ಸ್ಟ್ಯಾಂಡಿನ ಮೇಲೆ ಇಟ್ಟ, ಜರ್ಮನ್ ಅಂದ. ಎಲ್ಲಿಂದ ತಂದ ಅಂತ ನಾನು ಕೇಳಲಿಲ್ಲ. ಗಡಿಬಿಡಿಯಲ್ಲಿ ಯಾರು ಕೇಳುತ್ತಾರೆ? ನಿಧಾನದ ಟ್ಯೂನು, ಅಳುವ ಹಾಗೆ ಇತ್ತು. ನಾನು ಅದನ್ನು ಮೂರು ಪಟ್ಟು ಓಡಿಸಿದೆ. ಮೂರು ಎಣಿಕೆಗೆ ಕುಣಿಯುವ ಹಾಗೆ ಮಾಡಿದೆ. ಮಾಸ್ಟ್ರೇ, ಡೇರೆ ಎದ್ದು ನಿಂತಿತು! ಬೆಂಚಿನ ಮೇಲೆ ಹತ್ತಿದರು, ಹೆಗಲಿಗೆ ಹೆಗಲು ಹಿಡಿದು ತೂಗಿದರು. ಯೂನಿವರ್ಸಿಟಿಗೆ ಬಂದ ಒಬ್ಬರು ನಿಜವಾದ ಜರ್ಮನ್ ಮುದುಕ, ಬಿಳಿ ಮೀಸೆ, ನನ್ನ ಹತ್ತಿರ ಬಂದು ಕೈ ಹಿಡಿದು, ಇದು ಯಾವ ಕಡೆಯ ಹಾಡು, ನಮ್ಮ ಅಜ್ಜನ ಊರಿನಲ್ಲಿ ಕೇಳಿದ ಹಾಗೆ ಆಗುತ್ತದೆ ಅಂದರು. ನಾನು ಬೆಳ್ಮಣ್ ಅಂದೆ. ಅವರು, ಬವೇರಿಯಾದಲ್ಲಿ ಅದು ಎಲ್ಲಿ ಬರುತ್ತದೆ ಅಂತ ಕೇಳಿದರು. ಕಾರ್ಕಳದಿಂದ ಸ್ವಲ್ಪ ಈಚೆಗೆ ಅಂದೆ!

...

ಉಜ್ಜಿದಲ್ಲೇ ಉಜ್ಜುತ್ತಿದ್ದೀರಿ ನೀವು. ಆ ಜಾಗ ಹೊಳೆದು ಆಯಿತು.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಜೆನಿಟಾ ಅವತ್ತು ಅಲ್ಲಿದ್ದಳು. ಅವಳ ಆಸ್ಪತ್ರೆಯ ಗೆಳತಿಯರ ಜೊತೆ ಮೂರನೆಯ ಮೇಜಿನಲ್ಲಿ. ನಾನು ಆ ಕಡೆಗೆ ತಿರುಗಿಯೇ ನುಡಿಸುತ್ತಿದ್ದೆ... ಅಂದರೆ, ಫ್ಯಾನ್ ಗಾಳಿ ಆ ಕಡೆಯಿಂದ ಬರುತ್ತಿತ್ತು. ಮೊದಲ ಮೂರು ಟ್ಯೂನಿಗೆ ಚಪ್ಪಾಳೆ ತಟ್ಟಿದಳು, ನೋಡಿದ್ದೇನೆ. ನಾಲ್ಕನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಬ್ರೆಡ್ಡು ಕೆಳಗೆ ಇಟ್ಟಳು. ನನ್ನನ್ನೇ ನೋಡಿದಳು. ಎಂತ ನೋಟ ಮಾರಾಯ್ರೇ ಅದು! ಆಮೇಲೆ ಎದ್ದು ಹೊರಗೆ ಹೋದಳು. ಎಲ್ಲರೂ ಕುಣಿಯುವಾಗ! ಡೇರೆಯ ಬದಿಯಿಂದ ಕಾಣುತ್ತಿತ್ತು, ಪಾರ್ಕಿಂಗ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವತ್ತೇ ಮೆಸೇಜ್ ಹಾಕಿದೆ, ಯಾಕೆ ಹೋದದ್ದು ಅಂತ. ನೋಡಿದ್ದಾಳೆ, ನೀಲಿ ಗೆರೆ ಬಿದ್ದಿದೆ. ಉತ್ತರ ಇಲ್ಲ.

ಈಗ ನೀವೇ ಲೆಕ್ಕ ಹಾಕಿ. ನಿಮ್ಮ ಪುಸ್ತಕ ಕಾಣುವುದಿಲ್ಲ. ಈ ಟ್ರಂಕಿನ ಇನ್ನೊಂದು ಕೀ ಯಾರ ಹತ್ತಿರ ಉಂಟು? ಅವಳ ಹತ್ತಿರ. ಹಳೆಯ ಸಾಮಾನು ಎಲ್ಲ ಬಿಸಾಡಿ ಪಪ್ಪಾ ಅಂತ ಹೇಳುವುದು ಯಾರು? ಅವಳು. ಬ್ಯಾಂಡು ನುಡಿಸುವಾಗ ನಡುವಿನಲ್ಲಿ ಎದ್ದು ಓಡುವುದು ಯಾರು? ಮನಸ್ಸಿನಲ್ಲಿ ಅಳುಕು ಇದ್ದವರು! ನಾನು ಅವಳೇ ಅಂತ ಹೇಳುವುದಿಲ್ಲ...

ಉಜ್ಜುವುದು ನಿಲ್ಲಿಸಿದಿರಿ.

ಸಿಟ್ಟು ಬಂತಾ? ನಾನು ಸಂಶಯ ಅಂದದ್ದು ಮಾತ್ರ. ಸಂಶಯಕ್ಕೆ ಅಪ್ಪ ಮಗಳು ಅಂತ ಉಂಟಾ? ಆಯ್ತು, ತೆಗೆದೆ, ಆ ಮಾತು ವಾಪಸು ತೆಗೆದೆ. ಹಾಗೆ ನೋಡಬೇಡಿ.

ಅವಳಲ್ಲ. ನೆವಿಲ್! ನಾನು ಮೊದಲೇ ಹೇಳಬೇಕಿತ್ತು. ನೋಡಿ, ನಾವು ಬಾಯಿಬಿಟ್ಟೇ ಮಾತಾಡುವ. ಜನವರಿಯಲ್ಲಿ ಅತ್ತೂರಿನ ಸಾಂತ್‌ಮಾರಿ ಜಾತ್ರೆಗೆ ಮೆರವಣಿಗೆಯ ಮುಂದೆ ನಡೆಯುವುದು ಯಾರು? ನಿಮ್ಮ ಕಾಲು ಇನ್ನು ಆಗುವುದಿಲ್ಲ ಅಂತ ನೀವೇ ಹೇಳಿದ್ದೀರಿ. ಈ ಟ್ರಂಪೆಟ್ಟನ್ನು, ನಿಮ್ಮ ಕೈಯಲ್ಲಿರುವ ಇದೇ ಟ್ರಂಪೆಟ್ಟನ್ನು, ಒಬ್ಬನ ಕೈಗೆ ಕೊಡುತ್ತೇನೆ, ಅವನೇ ಮುಂದಿನ ಮಾಸ್ಟ್ರು ಅಂದಿದ್ದೀರಿ. ಅವತ್ತಿನಿಂದ ನೆವಿಲ್‌ಗೆ ನಿದ್ರೆ ಇಲ್ಲ. ಅವನು ನಿಮ್ಮ ಚರ್ಚಿನವನು, ಕ್ವಾಯರಿನಲ್ಲಿ ಹಾಡುವವನು. ನಾನು ಯಾರು? ಭಜನಾ ಮಂದಿರದ ಹಿಂದಿನ ಮನೆಯ ತಾರಾನಾಥನ ಮಗ, ಐದು ವರ್ಷದ ಹಿಂದೆ ತಾಳ ಹಿಡಿದು ಸೇರಿದವನು. ಹಿಂದಿನಿಂದ ಏನೆಲ್ಲ ಮಾತಾಡುತ್ತಾರೆ ಅಂತ ನನಗೆ ಗೊತ್ತಿಲ್ಲವಾ? ಆದರೆ ನೀವೇ ಹೇಳಿ, ಅವನು ಎರಡು ಸಲ ಉಸಿರು ಎಳೆಯುವಲ್ಲಿ ನಾನು ಒಂದೇ ಉಸಿರಿನಲ್ಲಿ ಮುಗಿಸುವುದಿಲ್ಲವಾ? ಹೆಜಮಾಡಿ ಮದುವೆಯಲ್ಲಿ ಒಂದೂವರೆ ಕಿಲೋಮೀಟರ್ ನಿಲ್ಲಿಸದೆ ನುಡಿಸಿದವನು ಯಾರು? ಆ ಹೊಟ್ಟೆಕಿಚ್ಚು! ಅದಕ್ಕೇ ಪುಸ್ತಕ ಹೊಡೆದ. ಪುಸ್ತಕ ಇದ್ದವನು ಮಾಸ್ಟ್ರು ಅಂತ ಅವನ ತಲೆಯಲ್ಲಿ ಕೂತಿದೆ. ಅದೂ ಪೆನ್ಸಿಲಿನಲ್ಲಿ ಬರೆದದ್ದು. ಮೊಬೈಲಿನಲ್ಲಿ ಫೋಟೋ ತೆಗೆದರೆ ಬೀಳುವುದಿಲ್ಲ, ಜೆರಾಕ್ಸಿನಲ್ಲಿ ಬರೀ ಮಸುಕು ಬರುತ್ತದೆ. ಹಾಗಾಗಿ ಇಡೀ ಪುಸ್ತಕವನ್ನೇ ಎತ್ತಿದ್ದಾನೆ.

ಜೆರಾಕ್ಸ್ ಹೇಗೆ ಬರುತ್ತದೆ ಅಂತ ನನಗೆ ಹೇಗೆ ಗೊತ್ತು ಅಂತವಾ? ...ಅಂದಾಜು. ಪೆನ್ಸಿಲ್ ಅಂದ ಮೇಲೆ ಹಾಗೆಯೇ ಅಲ್ವಾ.

ಈಗ ನಕ್ಕಿರಿ! ಈ ಸಲ ನೋಡಿದೆ. ನಕ್ಕದ್ದು ಹೌದು. ಎಂತಕ್ಕೆ?

...ನೆವಿಲ್‌ಗೆ ನೋಟ್ಸ್ ಓದಲು ಬರುವುದಿಲ್ಲ. ಹಾಂ. ಹೌದು. ನಾನೇ ಹೇಳಿದೆ ಈಗ. ಓದಲು ಬಾರದವನು ಪುಸ್ತಕ ಕದ್ದು ಯಾವ ಪುಟ ಅಂತ ಹೇಗೆ... ಸರಿ, ಅವನು ಓದಲಿಲ್ಲ. ಕಾರ್ಕಳದ ಬ್ಯಾಂಡಿನವರಿಗೆ ಕೊಟ್ಟಿರಬಹುದು, ಅವರು ಓದಿ ಒಂದು ಪುಟ ಬರೆದು ಕೊಟ್ಟಿರಬಹುದು, ಅದನ್ನು ಅವನು ನನ್ನ ಸ್ಟ್ಯಾಂಡಿಗೆ... ನಮ್ಮ ಬ್ಯಾಂಡಿನ ಹೆಸರು ಹಾಳು ಮಾಡಲಿಕ್ಕೆ...

ಇದು ನನಗೂ ಸರಿ ಕೂರುವುದಿಲ್ಲ. ಬಾಯಾರಿದಾಗ ನನ್ನ ತಲೆ ಓಡುವುದಿಲ್ಲ ಮಾಸ್ಟ್ರೇ. ಒಂದು ಲೋಟ ನೀರು ಕೇಳಿ ಎಷ್ಟು ಹೊತ್ತಾಯಿತು! ನಾನೇ ಹೋಗಿ ತರಬಹುದು, ಆದರೆ ನಿಮ್ಮ ಅಡಿಗೆಕೋಣೆಗೆ ನಾನು... ಅಯ್ಯೋ, ಅಲ್ಲಿ ನೋಡಿ! ಆಡು! ನಿಮ್ಮ ಗುಳ್ಳ ಬದನೆಯ ಗಿಡಕ್ಕೆ ಆಡು ಬಾಯಿ ಹಾಕಿತು! ಮಟ್ಟುವಿನಿಂದ ಬೀಜ ತಂದು ಮಾಡಿದ ಗಿಡ ಅಲ್ವಾ, ಓಡಿ, ಓಡಿ!

ತಿರುಗಿ ನೋಡಲೂ ಇಲ್ಲ ನೀವು.

ಇಲ್ಲ. ಆಡು ಇಲ್ಲ. ನನಗೆ ಹಾಗೆ ಕಂಡಿತು.

ನೋಡಿ, ನನ್ನ ಮೇಲೆ ನಿಮಗೆ ಸಂಶಯ ಇದ್ದರೆ ನೇರ ಕೇಳಿ. ಗಂಡಸಿನ ಹಾಗೆ ಕೇಳಿ, ಗಂಡಸಿನ ಹಾಗೆ ಹೇಳುತ್ತೇನೆ. ಹೀಗೆ ಟ್ರಂಕಿನ ಮೇಲೆ ಕೋಳಿ ಕಾವಿಗೆ ಕೂತ ಹಾಗೆ ಕೂತು, ಒಂದು ಮಾತಾಡದೆ... ಬೈದರೆ ತಡೆದುಕೊಳ್ಳುತ್ತೇನೆ. ನೀವು ಬೈದದ್ದು ಕಡಿಮೆಯಾ? ಮೊದಲ ವರ್ಷ ಬೆತ್ತದಲ್ಲಿ ಬೆರಳಿಗೆ ಹೊಡೆದಿದ್ದೀರಿ. ಇದನ್ನು ತಡೆಯಲಿಕ್ಕೆ ಆಗುವುದಿಲ್ಲ.

ನಾನು ಆ ಟ್ಯೂನಿಗೆ ಎಂತ ಮಾಡಿದೆ ಅಂತ ಗೊತ್ತಾದರೆ ನೀವೇ ಎದ್ದು ಬೆನ್ನು ತಟ್ಟುತ್ತೀರಿ. ಬರೀ ಓಡಿಸಿದ್ದಲ್ಲ. ತಲೆ ಉಪಯೋಗಿಸಿದೆ! ನಡುವಿನಲ್ಲಿ ಒಂದು ಜಾಗ ಬರುತ್ತದೆ. ಸ್ವರ ಮೇಲೆ ಹೋಗಿ, ಹೋಗಿ, ಅಲ್ಲಿ ಗಕ್ಕನೆ ನಿಲ್ಲುತ್ತದೆ. ಆಮೇಲೆ ಎಂಟು ಎಣಿಕೆ ಖಾಲಿ. ಒಂದು ಸ್ವರವೂ ಇಲ್ಲ. ಎಂಟು ಎಣಿಕೆ ಆದ ಮೇಲೆ ಕೆಳಗಿನಿಂದ ಪುನಃ ಹೊರಡುತ್ತದೆ. ಬೇರೆಯವನಾದರೆ ಆ ಜಾಗ ಹಾರಿಸಿಬಿಡುತ್ತಿದ್ದ. ನಾನು ಬ್ಯಾಂಡು ನಿಲ್ಲಿಸಿ ಕೈ ಎತ್ತಿದೆ. ಕುಟ್ಟಿ ಅಂದೆ! ನಾಲ್ಕು ನೂರು ಜನ ಗ್ಲಾಸಿನಲ್ಲಿ ಮೇಜು ಕುಟ್ಟಿದರು. ಧಡ್, ಧಡ್, ಧಡ್... ಎಂಟು ಸಲ! ಬಿಯರು ಹಾರಿ ಡೇರೆಗೆ ತಾಗಿತು! ಮ್ಯಾನೇಜರ್ ಓಡಿಬಂದು, ಇದನ್ನೇ ಇನ್ನೊಮ್ಮೆ, ಇದನ್ನೇ ಇನ್ನೊಮ್ಮೆ ಅಂದ. ಆರು ಸಲ ನುಡಿಸಿದೆವು. ನೀವು ಆ ಜಾಗ ಖಾಲಿ ಬಿಟ್ಟದ್ದೇ ಒಳ್ಳೆಯದಾಯಿತು ಮಾಸ್ಟ್ರೇ, ಇಲ್ಲದಿದ್ದರೆ...

ಎಂತ?

ನಾನು ಎಂತ ಹೇಳಿದೆ ಈಗ? ನೀವು ಅಂದೆನಾ? ಇಲ್ಲ ಇಲ್ಲ. ಜರ್ಮನ್‌ನವರು. ಬರೆದವರು ಯಾರೋ, ಅವರು ಖಾಲಿ ಬಿಟ್ಟದ್ದು. ಬಾಯಿ ತಪ್ಪಿತು.

ಮಾಸ್ಟ್ರೇ...

ಆಯ್ತು, ಅದು ನಿಮ್ಮ ಪುಸ್ತಕದ್ದೇ ಅಂತ ಇಟ್ಟುಕೊಳ್ಳಿ. ಇಟ್ಟುಕೊಳ್ಳಿ, ಮಾತಿಗೆ. ಕದ್ದವನದ್ದೂ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಎಲ್ಲ ಪುಟಕ್ಕೂ ನೀವು ಮೇಲೆ ಹೆಸರು ಬರೆದಿದ್ದೀರಿ, ಯಾವ ಮನೆಗೆ ಮೊದಲು ನುಡಿಸಿದ್ದೋ ಆ ಹೆಸರು. ಹೆಜಮಾಡಿ ಮದುವೆ. ಮಟ್ಟು ರೋಸ್, ಮದುವೆಯ ಹಿಂದಿನ ದಿನದ್ದು. ಶಾರ್ಲೆಟ್ ಬಾಯಮ್ಮನ ಎಪ್ಪತ್ತನೇ ಹುಟ್ಟುಹಬ್ಬ. ಒಬ್ಬರದ್ದನ್ನು ಇನ್ನೊಬ್ಬರಿಗೆ ಕೇಳದೆ ನುಡಿಸಬಾರದು, ಅದು ನಮ್ಮ ಕ್ರಮ, ನಾನು ಒಮ್ಮೆಯೂ ಮುರಿದಿಲ್ಲ. ಆದರೆ ಆ ಕೊನೆಯ ಪುಟಕ್ಕೆ ಹೆಸರೇ ಇಲ್ಲ! ಬರೀ ಒಂದು ತಾರೀಕು. ಹೆಸರು ಇಲ್ಲದ್ದು ಯಾರದ್ದೂ ಅಲ್ಲ ಅಂತ ಯಾರಿಗಾದರೂ ಅನಿಸುವುದಿಲ್ಲವಾ? ಅಂದರೆ... ಕಳ್ಳನಿಗೆ. ಆ ಕಳ್ಳನಿಗೆ ಹಾಗೆ ಅನಿಸಿರಬಹುದು.

ಟ್ರಂಪೆಟ್ ಯಾಕೆ ಕೆಳಗಿಟ್ಟಿರಿ?

ಕೈ... ಎಂತ ಅದು? ಮುಷ್ಟಿ ಹಿಡಿದು, ಹೀಗೆ ನೆಲದ ಮೇಲೆ ಚಾಚಿ, ಬಿಡುವುದು... ಎಂತ ಮಾಸ್ಟ್ರೇ? ಕೈ ನೋಯುತ್ತದಾ? ಬಾಯಿಬಿಟ್ಟು ಹೇಳಿ. ನನಗೆ ಹೀಗೆಲ್ಲ ಕೈಯಲ್ಲಿ ತೋರಿಸಿದರೆ... ಪುನಃ ಅದೇ. ಮುಷ್ಟಿ. ಬಿಡುವುದು. ಎಂತದ್ದು? ಅಕ್ಕಿಯಾ? ಮಣ್ಣಾ?

ಎಲ್ಲಿ ನೋಡುತ್ತಿದ್ದೀರಿ? ನನ್ನ ಹಿಂದೆಯಾ? ಫೋಟೋ. ಬೇಬಿ ಬಾಯಮ್ಮನ ಫೋಟೋ. ಹೌದು, ಬಂದಾಗಲೇ ನೋಡಿದೆ. ಯಾವಾಗಲೂ ನೋಡುತ್ತೇನಲ್ಲ, ಒಳ್ಳೆಯ ಮುಖ. ಕೆಳಗೆ ಬರೆದದ್ದಾ? ಓದುತ್ತೇನೆ. ನನ್ನ ಕಣ್ಣು ಇಲ್ಲಿಂದಲೇ ಓದುತ್ತದೆ. ಬೇಬಿ, ಪೀಟರ್ ಮಾಸ್ಟ್ರ ಹೆಂಡತಿ. ಮರಣ, ಹದಿನಾರು, ಎಂಟು, ಎರಡು ಸಾವಿರದ ಹದಿನಾರು.

ಹದಿನಾರು. ಪುಸ್ತಕದಲ್ಲಿ ಇದ್ದದ್ದು ಹದಿನೇಳು.

ಹದಿನೇಳು. ಮರುದಿನ.

...

ಮರುದಿನ ಮಣ್ಣಿಗೆ ಕೊಡುವುದು.

ನಾನು ಆಗ ಹೈಸ್ಕೂಲಿನಲ್ಲಿ. ನನಗೆ ಗೊತ್ತಿಲ್ಲ ಮಾಸ್ಟ್ರೇ, ನಾನು ಬಂದಿರಲಿಲ್ಲ. ಬ್ಯಾಂಡಿಗೆ ಸೇರಿದ ಮೇಲೆ ಎಷ್ಟು ಸಾವಿಗೆ ನುಡಿಸಿದ್ದೇನೆ... ಚರ್ಚಿನ ಹಿಂದೆ ಸಮಾಧಿಯ ಗೇಟಿನವರೆಗೆ ನುಡಿಸಿ ನಾವು ನಿಲ್ಲಿಸುತ್ತೇವೆ. ಟೊಪ್ಪಿ ಕಂಕುಳಲ್ಲಿ ಇಟ್ಟು ನಿಲ್ಲುತ್ತೇವೆ. ಪೆಟ್ಟಿಗೆ ಇಳಿಸುತ್ತಾರೆ. ಮನೆಯವರು ಒಬ್ಬೊಬ್ಬರೇ ಮುಂದೆ ಹೋಗಿ, ಬಗ್ಗಿ, ಒಂದು ಹಿಡಿ ಮಣ್ಣು... ಹೀಗೆ ಮುಷ್ಟಿ ಹಿಡಿದು... ಹೀಗೆ...

ಅವತ್ತು ನೀವು ಒಬ್ಬರೇ ನುಡಿಸಿದ್ದಾ? ಗೇಟಿನ ಒಳಗೆ ನಿಂತು? ನುಡಿಸುತ್ತಾ ನುಡಿಸುತ್ತಾ, ಆ ಜಾಗ ಬಂದಾಗ ನಿಲ್ಲಿಸಿ, ಟ್ರಂಪೆಟ್ಟನ್ನು ಎಡಗೈಗೆ ತೆಗೆದುಕೊಂಡು, ಬಗ್ಗಿ, ಮಣ್ಣು ತೆಗೆದು, ಹಾಕಿ, ಪುನಃ ಎದ್ದು ನಿಲ್ಲಲಿಕ್ಕೆ... ಎಷ್ಟು ಬೇಕು? ಎಂಟು ಎಣಿಕೆ ಬೇಕು. ಎಂಟು ಸಾಕಾಗುವುದೂ ಇಲ್ಲ. ಜೆನಿಟಾ ನಿಮ್ಮ ಹತ್ತಿರವೇ ನಿಂತಿರಬೇಕು. ಅವಳೂ ಒಂದು ಹಿಡಿ...

ಅದಕ್ಕೆ ಎದ್ದು ಹೋದದ್ದಾ ಅವಳು?

ಅಲ್ಲಿ ನಾನು ಮೇಜು ಕುಟ್ಟಿಸಿದೆ.

ಆರು ಸಲ.

ಎಂತಾದರೂ ಹೇಳಿ ಮಾಸ್ಟ್ರೇ. ನೀನು ಕಳ್ಳ ಅಂತ ಹೇಳಿ. ನಿನ್ನ ಮುಖ ನೋಡುವುದಿಲ್ಲ ಅಂತ ಹೇಳಿ. ಟ್ರಂಪೆಟ್ ನೆವಿಲ್‌ಗೆ ಕೊಡುತ್ತೇನೆ ಅಂತ ಹೇಳಿ, ಕೊಡಿ, ನಾನು ತಾಳ ಹಿಡಿದುಕೊಂಡು ಅವನ ಹಿಂದೆ ಬರುತ್ತೇನೆ. ಒಂದು ಮಾತು...

ಟೊಪ್ಪಿ. ಹಾಂ, ಟೊಪ್ಪಿ. ತೆಗೆದೆ. ನನಗೆ ನೆನಪೇ ಇರಲಿಲ್ಲ, ಬಾಯಮ್ಮನ ಎದುರು ಇಷ್ಟು ಹೊತ್ತು...

ಎಲ್ಲಿಗೆ ಎದ್ದಿರಿ? ಕಾಲು ನೋಡಿ, ಮೆಲ್ಲ... ಒಳಗೆಯಾ? ನೀರಾ? ಈಗ ನೀರು ತರುತ್ತೀರಾ ನನಗೆ?

ಟ್ರಂಕಿಗೆ ಬೀಗ ಹಾಕಲಿಲ್ಲ ನೀವು. ಕೀ ಬೀಗದಲ್ಲೇ ನೇತಾಡುತ್ತಾ ಉಂಟು. ತಿರುಗಿಯೂ ನೋಡದೆ ಹೋಗುತ್ತಿದ್ದೀರಿ. ಬೇಕಂತಲೇ ನಿಧಾನ ಹೋಗುತ್ತಿದ್ದೀರಾ? ಬೆಳಿಗ್ಗೆಯಿಂದ ನಾನು ಇದಕ್ಕೇ ಕಾದದ್ದು ಅಂತ ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?

ಮಾಸ್ಟ್ರೇ!

ನೀರು ಬೇಡ. ಬನ್ನಿ, ಕೂತುಕೊಳ್ಳಿ. ಟ್ರಂಕಿನಲ್ಲಿ ಹುಡುಕುವುದು ಬೇಡ, ಅದರಲ್ಲಿ ಇಲ್ಲ. ಪುಸ್ತಕ ಈ ಬ್ಯಾಗಿನಲ್ಲಿ ಉಂಟು. ಟವೆಲಿನ ಒಳಗೆ.